ಬಿಳಿ ಕುಪ್ಯ, ಕರಿ ಕುಪ್ಯ ಮತ್ತು ಮೇಜರರ ಮ್ಯಾನ್ಯುಯಲ್ ಮೋಡ್

ಕ್ಯಾಮೆರಾ ಕೊಂಡವರು ಲೋಕದ ಯಾವ ಮೂಲೆಯಲ್ಲಿದ್ದರೂ ಹೇಗೋ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಲಡಾಖಿನ ಚಹಾದಂಗಡಿಗೆ ಬಂದಿದ್ದಾರೆ, ಇಸ್ತಾಂಬುಲಿನ ದೋಣಿಗೆ ಬಂದಿದ್ದಾರೆ, ಹಂಪಿಯ ಬಂಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಗಲೂ ಬಂದಿದ್ದಾರೆ. "ಮೇಡಂ, ಸ್ವಲ್ಪ ಇದನ್ನು ನೋಡ್ತೀರಾ?" ಕೊರಳಲ್ಲಿ ಕುಕ್ಕರಿನಷ್ಟು ದೊಡ್ಡ ಲೆನ್ಸು ನೇತಾಡುತ್ತಿರುತ್ತದೆ. ಕ್ಯಾಮೆರಾದ ನೆತ್ತಿಯ ಮೇಲಿನ ಡಯಲ್ ಮಾತ್ರ ಕೊಂಡ ದಿನದಿಂದ ಹಸಿರು 'ಆಟೋ' ಗುರುತು ಬಿಟ್ಟು ಕದಲಿರುವುದಿಲ್ಲ. ಆನೆ ಕೊಂಡು ಅದರ ಮೇಲೆ ಕೊತ್ತಂಬರಿ ಸೊಪ್ಪು ಹೇರಿಕೊಂಡು ಬರುವವರ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಗೌರವವಿದೆ.

ಪತ್ರಿಕೆಗಳಿಗೆ ಪ್ರವಾಸದ ಲೇಖನ ಬರೆದು, ಅದರ ಚಿತ್ರಗಳನ್ನೂ ನಾನೇ ತೆಗೆದು, ದೇಶ ದೇಶ ಅಲೆದು ಕಾಲು ಸೋತಾಗ, ಒಂದಷ್ಟು ಕಾಲ ಎಲ್ಲಿಗೂ ಹೋಗದೆ ತೆಪ್ಪಗಿರೋಣವೆಂದು ಕೊಡಗಿನ ಕಕ್ಕಬೆಗೆ ಬಂದೆ. ಒಬ್ಬ ನಿವೃತ್ತ ಮೇಜರ್ ತಮ್ಮ ತೋಟದ ಮನೆಗೆ ಅಂಟಿಕೊಂಡ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಪಕ್ಕದ ಬೆಟ್ಟದಲ್ಲಿ ಯಾರಾದರೂ ಕೆಮ್ಮಿದರೆ ಕೇಳುವಷ್ಟು ಶಾಂತವಾದ ಜಾಗ. ನಾನು ಪೆಟ್ಟಿಗೆ ಬಿಚ್ಚಿ ಮುಗಿಸುವ ಮೊದಲೇ ಮೇಜರ್ ಕ್ಯಾಮೆರಾ ಕೊಂಡರು.

ಊಟದ ನಡುವಿನ ಶಪಥ

ಮೇಜರರ ಅಣ್ಣನ ಸಂಸಾರ ಇರುವುದು ವಿರಾಜಪೇಟೆಯಲ್ಲಿ. ಕಕ್ಕಬೆಯಲ್ಲಿ ಅಣ್ಣನ ಪಾಲಿನ ತೋಟಕ್ಕೂ ತಮ್ಮನ ಪಾಲಿನ ತೋಟಕ್ಕೂ ನಡುವೆ ಒಂದು ಸಿಲ್ವರ್ ಓಕ್ ಮರ ಇತ್ತು. ಅದು ಯಾರದ್ದು ಎಂಬ ವಿಷಯಕ್ಕೆ ಎರಡೂ ಮನೆಗಳ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಮಳೆಗಾಲದ ಗಾಳಿಗೆ ಮರವೇ ಬಿದ್ದುಹೋಯಿತು, ಜಗಳ ಮಾತ್ರ ನೆಟ್ಟಗೆ ನಿಂತಿತ್ತು. ಕೊನೆಗೆ ಅಣ್ಣನ ಒಬ್ಬನೇ ಮಗನ ಮದುವೆ ಗೊತ್ತಾಗಿ, ಅತ್ತಿಗೆ ತಾವೇ ಕರೆಯಲು ಬಂದರು. ಮೇಜರರ ಹೆಂಡತಿ ಅವತ್ತು ಅಕ್ಕಿತರಿಯ ಉಂಡೆ ಕಡುಂಬುಟ್ಟು ಬೇಯಿಸಿ, ಹಂದಿಮಾಂಸದ ಸಾರು ಮಾಡಿ, ಕಣ್ಣೊರೆಸಿಕೊಂಡು ಬಡಿಸಿದರು. ನನ್ನನ್ನೂ ಊಟಕ್ಕೆ ಕರೆದಿದ್ದರು.

ಮಾತು ಫೋಟೋಗ್ರಾಫರನ ಮೇಲೆ ಬಂತು. ವಿರಾಜಪೇಟೆಯ ಯಾವುದೋ ಸ್ಟುಡಿಯೋದವನಿಗೆ ಹೇಳಿದ್ದೇವೆ ಎಂದರು ಅತ್ತಿಗೆ. ಮೇಜರ್ ಎದ್ದು ನಿಂತರು. ಕೈಯಲ್ಲಿ ಅರ್ಧ ತಿಂದ ಕಡುಂಬುಟ್ಟು.

"ಸ್ಟುಡಿಯೋದವನು ಬೇಡ. ಫೋಟೋ ನಾನು ತೆಗೀತೇನೆ."

"ನಿನಗೆ ಬರ್ತದಾ?"

"ಜೀವಮಾನವಿಡೀ ಗುರಿ ಹಿಡಿದವನು ನಾನು, ಅತ್ತಿಗೆ. ಇದೂ ಗುರಿಯೇ."

ಅತ್ತಿಗೆ ಮೈದುನನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಸಾರು ಬಡಿಸಿಕೊಂಡು ತಣ್ಣಗೆ ಹೇಳಿದರು. "ಆಗಲಿ. ನನಗಿರೋದು ಒಬ್ಬ ಮಗ. ಫೋಟೋ ಹಾಳಾದ್ರೆ ಮರದ ವಿಷಯ ಮತ್ತೆ ತೆಗೀತೇನೆ."

ಅವರ ಜೀಪು ಇಳಿಜಾರು ದಾಟುತ್ತಿದ್ದಂತೆ ಮೇಜರರ ಹೆಂಡತಿ ಕಾಫಿ ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ಮೇಡಂ, ಅಕ್ಕ ಮತ್ತೆ ಮಾತಾಡಿದ್ದು ನನಗೆ ಎಷ್ಟು ದೊಡ್ಡದು ನಿಮಗೆ ಗೊತ್ತಿಲ್ಲ. ಈ ಮನೆಯ ಗಂಡಸರನ್ನು ಮನಸ್ಸು ಬಿಚ್ಚಿ ಬೈಯಲು ನನಗೆ ಇದ್ದ ಜೊತೆ ಅವರೊಬ್ಬರೇ. ಇವರಿಗೆ ಕಲಿಸಿಬಿಡಿ. ಕಲಿಯದಿದ್ದರೆ ಕ್ಯಾಮೆರಾವನ್ನು ಕೆರೆಗೆ ಹಾಕಿ. ಯಾವುದಾದರೂ ಒಂದು ಮಾಡಿ."

ಕೆರೆ ಹತ್ತಿರದಲ್ಲೇ ಇತ್ತು. ನಾನು ಕಷ್ಟದ ದಾರಿಯನ್ನೇ ಹಿಡಿದೆ.

ನಾಯಿ ತಪ್ಪು ಜಾಗದಲ್ಲಿ ಕೂತದ್ದು

ಕ್ಯಾಮೆರಾದೊಳಗೆ ಬೀಳುವ ಬೆಳಕನ್ನು ಹಿಡಿತದಲ್ಲಿಡುವ ವಿದ್ಯೆ ನಿಜಕ್ಕೂ ದೊಡ್ಡದೇನಲ್ಲ. ಕಿಟಕಿ ಎಷ್ಟು ಅಗಲ ತೆರೆದಿದೆ, ಎಷ್ಟು ಹೊತ್ತು ತೆರೆದಿದೆ, ಒಳಗೆ ಕೂತವನ ಕಣ್ಣು ಎಷ್ಟು ಚುರುಕು, ಇಷ್ಟೇ. ಅಪರ್ಚರ್, ಶಟರ್, ಐಎಸ್ಒ. ಶಾಲೆಯ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಇದನ್ನು ಹೇಳಿಕೊಟ್ಟಿದ್ದೇನೆ. ದೊಡ್ಡವರಿಗೆ ಮಾತ್ರ ತಲೆಗೆ ಹೋಗುವುದಿಲ್ಲ. ಅಷ್ಟು ದುಬಾರಿ ಯಂತ್ರ ತಂದ ಮೇಲೆ ಯೋಚಿಸುವ ಕೆಲಸವೂ ಅದರದ್ದೇ ಎಂದು ಅವರ ಖಚಿತ ಅಭಿಪ್ರಾಯ.

ಮೇಜರ್ ಕ್ಯಾಮೆರಾ ಹಿಡಿಯುವುದನ್ನು ಒಮ್ಮೆ ನೋಡಬೇಕು. ಮೊಣಕೈ ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು, ಉಳಿದರ್ಧ ಹಿಡಿದು, ಬೆರಳನ್ನು ಮೆತ್ತಗೆ ಒತ್ತುತ್ತಾರೆ. ಗುಂಡಿಯನ್ನು ಅವರು ಕರೆಯುವುದೇ ಟ್ರಿಗರ್ ಎಂದು. ಅಷ್ಟು ಅಲುಗದ ಕೈಯನ್ನು ನಾನು ಯಾವ ದೇಶದಲ್ಲೂ ನೋಡಿಲ್ಲ. ಆ ಕೈಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ತಪ್ಪಾಗಿರುತ್ತಿತ್ತು.

ಡಯಲನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿದೆವು. ಬೆಳಗಿನ ಬಿಸಿಲಲ್ಲಿ, ಅಂಗಳದಲ್ಲಿ ಮಲಗಿದ್ದ ಮನೆಯ ನಾಯಿಯನ್ನು ಗುರಿ ಮಾಡಿ, ಮೂರನ್ನೂ ಹಿಂದೆ ಮುಂದೆ ಮಾಡಿ ಮಾಡಿ, ಕೊನೆಗೊಂದು ಒಳ್ಳೆಯ ಚಿತ್ರ ಬಂತು. ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು, ನಾಯಿಯದು. ಮೇಜರ್ ಖುಷಿಯಾಗಿ ಒಳಗೆ ಹೋದರು.

ಮರುದಿನ ನೋಡಿದರೆ ಕ್ಯಾಮೆರಾದ ಸೆಟಿಂಗ್ ತಿರುಗಿಸುವ ಪುಟ್ಟ ಗಾಲಿಗಳ ಮೇಲೆಲ್ಲ ವೈರಿಗೆ ಸುತ್ತುವ ಕಪ್ಪು ಟೇಪು.

"ಇದೇನು ಮೇಜರ್?"

"ಸೆಟಿಂಗ್ ಸಿಕ್ತಲ್ಲ. ಇನ್ನು ಕದಲಬಾರದು."

"ಬೆಳಕು ಬದಲಾದ ಹಾಗೆ ಇದನ್ನೂ ಬದಲಾಯಿಸಬೇಕು."

"ಒಮ್ಮೆ ಗುರಿಗೆ ಜೀರೋ ಮಾಡಿದ ರೈಫಲನ್ನು ದಿನಾ ತಿರುಪಿದರೆ ಸೈನ್ಯ ಉಳೀತದಾ, ಮೇಡಂ?"

ನಾಯಿ ಅವತ್ತು ಹಲಸಿನ ಮರದ ನೆರಳಲ್ಲಿತ್ತು. ಮೇಜರ್ ಫೋಟೋ ಹೊಡೆದರು. ಚಿತ್ರದಲ್ಲಿ ಕತ್ತಲೆ ಇತ್ತು, ಕತ್ತಲೆಯೊಳಗೆ ಒಂದು ನಾಲಿಗೆ ಇತ್ತು.

"ನೋಡಿ, ಕಪ್ಪಾಯ್ತು," ಎಂದೆ.

"ನಾಯಿ ತಪ್ಪು ಜಾಗದಲ್ಲಿ ಕೂತಿದೆ," ಎಂದು ಅವರು ಅದನ್ನು ಹೆಸರು ಹಿಡಿದು ಬಿಸಿಲಿಗೆ ಕರೆದರು. ನಾಯಿ ಎದ್ದು ಬಂದು ನಿನ್ನೆಯ ಜಾಗದಲ್ಲೇ ಕೂತಿತು. ಚಿತ್ರ ಚೆನ್ನಾಗಿ ಬಂತು. ಮೇಜರ್ ಗೆದ್ದವರಂತೆ ನನ್ನನ್ನು ನೋಡಿದರು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿಯ ಧ್ವನಿ ಬಂತು. "ನನ್ನನ್ನೂ ಹೀಗೇ ಕರೀತಾರೆ, ಮೇಡಂ. ನಾನು ಹೋಗಲ್ಲ, ಅಷ್ಟೇ ವ್ಯತ್ಯಾಸ."

ಪಾಲಿಬೆಟ್ಟದ ಹೂವಿಗೆ ಬಂದ ರೋಗ

ಟೇಪು ಕೀಳಿಸಲು ನನಗೆ ಒಂದು ವಾರ ಹಿಡಿಯಿತು. ಅದರ ಬದಲು ಅವರಿಗೆ ಬೆಳಕು ಅಳೆಯುವ ಮೀಟರಿನ ಸೂಜಿ ತೋರಿಸಿದೆ. ಬೆಳಕು ಜಾಸ್ತಿಯಾದರೆ ಬಲಕ್ಕೆ, ಕಡಿಮೆಯಾದರೆ ಎಡಕ್ಕೆ ಹೋಗುತ್ತದೆ, ನಡುವಿನ ಗೆರೆಯ ಸುತ್ತಮುತ್ತ ಇರುವ ಹಾಗೆ ನೋಡಿಕೊಳ್ಳಿ ಎಂದೆ. 'ಸುತ್ತಮುತ್ತ' ಎಂಬ ಮಾತು ಸೈನ್ಯದಲ್ಲಿ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೂಮಳೆ ಬಿದ್ದು ಕಾಫಿ ಅರಳಿತ್ತು. ಪಾಲಿಬೆಟ್ಟದಲ್ಲಿ ಮೇಜರರ ಹಳೆಯ ಸೈನ್ಯದ ಗೆಳೆಯರೊಬ್ಬರ ದೊಡ್ಡ ಎಸ್ಟೇಟ್ ಇದೆ. ಗಿಡಗಳ ಮೇಲೆ ಹಾಲು ಚೆಲ್ಲಿದಂತೆ ಹೂವು, ಊರಿಡೀ ಮಲ್ಲಿಗೆಯಂಥ ಘಮ. ಮೇಜರ್ ಒಬ್ಬರೇ ಹೋಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆದರು. ಪ್ರತಿ ಸಲವೂ ಸೂಜಿಯನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಡುಗೆರೆಗೆ ತಂದು ನಿಲ್ಲಿಸಿದರು.

ಕ್ಯಾಮೆರಾದೊಳಗಿನ ಬುದ್ಧಿಗೆ ಲೋಕದಲ್ಲಿ ಗೊತ್ತಿರುವ ಬಣ್ಣ ಒಂದೇ, ಬೂದಿ. ಬಿಳಿ ತೋರಿಸಿದರೂ ಅದನ್ನು ಬೂದಿ ಮಾಡುತ್ತದೆ, ಕಪ್ಪು ತೋರಿಸಿದರೂ ಬೂದಿ ಮಾಡುತ್ತದೆ. ಸೂಜಿ ಹೇಳಿದ್ದನ್ನು ಕೇಳಿದರೆ ಹಿಮವೂ ಹೊಗೆಗೂಡಿನಿಂದ ಬಿದ್ದ ಹಾಗಿರುತ್ತದೆ. ಬಿಳಿಗೆ ಎದುರು ನಿಂತಾಗ ಸೂಜಿಯನ್ನು ಬಲಕ್ಕೆ ಬಿಡಬೇಕು, ಕಪ್ಪಿಗೆ ಎದುರು ಎಡಕ್ಕೆ. ಇದನ್ನು ನಾನು ಹೇಳಿದ್ದೆ. ಅವರ ಪಾಲಿಗೆ ನಾನು ಸಿವಿಲಿಯನ್, ಸೂಜಿ ಮೇಲಧಿಕಾರಿ.

ಆ ಬೂದಿ ಹೂವಿನ ಚಿತ್ರಗಳನ್ನು ಅವರು ಮನೆ ತಲುಪುವ ಮೊದಲೇ ಫೋನಿನಲ್ಲಿ ನೆಂಟರಿಷ್ಟರ ಗುಂಪಿಗೆ ಕಳಿಸಿಬಿಟ್ಟಿದ್ದರು. ಕೆಳಗೆ ಒಂದೇ ಸಾಲು: 'ಪಾಲಿಬೆಟ್ಟ, ಈ ವರ್ಷದ ಹೂವು.'

ಸಂಜೆಯೊಳಗೆ ಆ ಗೆಳೆಯರ ಫೋನು ಬಿಸಿಯಾಯಿತು. ಒಬ್ಬರು ಸಮಾಧಾನ ಹೇಳಿದರು. ಒಬ್ಬರು ಔಷಧಿಯ ಹೆಸರು ಹೇಳಿದರು. ಅಮ್ಮತ್ತಿಯ ಕಡೆಯ ಒಬ್ಬರು, ನಮ್ಮ ತೋಟಕ್ಕೆ ಹಬ್ಬುವ ಮೊದಲು ತಿಳಿಸಬಹುದಿತ್ತಲ್ಲ ಎಂದು ಮುನಿಸಿಕೊಂಡರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಟಾರ್ಚು ಹಿಡಿದು ತೋಟದೊಳಗೆ ಓಡಿದ್ದ. ಹೂವು ಹಾಲಿನಷ್ಟೇ ಬೆಳ್ಳಗಿದೆ ಎಂದು ಅವನು ಬಂದು ಹೇಳಿದರೂ ಯಾರೂ ನಂಬಲಿಲ್ಲ. ಫೋಟೋ ಇದೆಯಲ್ಲ.

ಕೊನೆಗೆ ಆ ಗೆಳೆಯರು ಮೇಜರರಿಗೆ ಫೋನು ಮಾಡಿದರು. ಕೂಗಲಿಲ್ಲ. "ನೋಡು, ನನ್ನ ತೋಟಕ್ಕೆ ಇನ್ನು ಬರುವಾಗ ಬಂದೂಕು ಮಾತ್ರ ತಗೊಂಡು ಬಾ. ಬಂದೂಕಿನಿಂದ ಇಷ್ಟು ನಷ್ಟ ಆಗಲ್ಲ."

ಮದುಮಗನ ಕಂಕುಳು

ಇದಾದ ಮೇಲೆ ಮೇಜರರ ಹೆಂಡತಿಗೆ ನಿಜವಾದ ಭಯ ಹಿಡಿಯಿತು. ನನಗೂ ಸ್ವಲ್ಪ. ಯಾಕೆಂದರೆ ಕೊಡವರ ಮದುವೆ ಕ್ಯಾಮೆರಾವನ್ನು ಕೆಡಿಸಲೆಂದೇ ಮಾಡಿದ ಹಾಗಿದೆ. ಮದುಮಗ ಕುಪ್ಯ ಎಂಬ, ಮೊಣಕಾಲು ದಾಟುವ ಬಿಳಿ ನಿಲುವಂಗಿ ತೊಟ್ಟಿರುತ್ತಾನೆ. ಸುತ್ತ ನಿಂತ ಗಂಡಸರದ್ದೆಲ್ಲ ಅದೇ ಹೊಲಿಗೆಯ ಕರಿ ಕುಪ್ಯ. ಆ ಕಪ್ಪು ಗೋಡೆಯನ್ನು ಕಂಡ ಕ್ಯಾಮೆರಾ, ಅಯ್ಯೋ ಕತ್ತಲೆ ಎಂದು ಕಿಟಕಿ ಅಗಲ ಮಾಡುತ್ತದೆ. ನಡುವೆ ನಿಂತ ಮದುಮಗ ಬೆಳಕಿಗೆ ಸುಟ್ಟುಹೋಗಿ ಸೋಪಿನ ತುಂಡಾಗುತ್ತಾನೆ. ಅವನೊಬ್ಬನನ್ನೇ ಹತ್ತಿರದಿಂದ ಹಿಡಿದರೆ ಕುಪ್ಯ ಬೂದಿಯಾಗುತ್ತದೆ. ಒಂದೇ ಮದುವೆ, ಒಂದೇ ಗಂಡು, ಒಂದು ಚಿತ್ರದಲ್ಲಿ ದೆವ್ವ, ಇನ್ನೊಂದರಲ್ಲಿ ಒಗೆಯದ ಬಟ್ಟೆ.

ಬೆಳಕು ಎಷ್ಟು ಬಿದ್ದಿದೆ ಎಂದಷ್ಟೇ ನೋಡಿ, ಯಾರು ಏನು ಉಟ್ಟಿದ್ದಾರೆ ಎಂದಲ್ಲ, ಎಂದೆ. ಒಮ್ಮೆ ಬಿಳಿ ಕುಪ್ಯಕ್ಕೆ ಸರಿ ಮಾಡಿಕೊಂಡರೆ, ಅದೇ ಬೆಳಕಿರುವ ತನಕ ಮುಟ್ಟಬೇಡಿ.

"ಅಭ್ಯಾಸ ಆಗಬೇಕು," ಎಂದರು ಮೇಜರ್. ಅವರಿಗೆ ಅಭ್ಯಾಸ ಎಂದರೆ ಪೂರ್ತಿ ಸಮವಸ್ತ್ರದಲ್ಲಿ. ಪೆಟ್ಟಿಗೆಯಿಂದ ಅವರ ಮದುವೆಯ ಬಿಳಿ ಕುಪ್ಯ ಹೊರಗೆ ಬಂತು. ಅದು ಅವರಿಗೆ ಈಗ ಹಿಡಿಯುವುದಿಲ್ಲ, ಹಿಡಿದರೂ ಫೋಟೋ ತೆಗೆಯುವವರು ಅವರೇ. ಹಾಗಾಗಿ ಹೆಂಡತಿ ಬಿಳಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆ ಬಿಗಿದು ಮದುಮಗನಾದರು. ನಾನು ಮೇಜರರ ಕರಿ ಕುಪ್ಯದೊಳಗೆ ಇಳಿದು, ಅಂಚು ಪಾದಕ್ಕೆ ತಾಗುತ್ತ, ನೆಂಟರ ಗುಂಪಾದೆ.

"ಗಂಡು ಅಲ್ಲಾಡಬಾರದು," ಎಂದರು ಮೇಜರ್.

ಬಿಸಿಲಲ್ಲಿ ನಿಲ್ಲಿಸಿದರು, ನೆರಳಲ್ಲಿ ನಿಲ್ಲಿಸಿದರು, ಜಗಲಿಯ ಮೇಲೆ ನಿಲ್ಲಿಸಿದರು. ಒಂದೊಂದು ಕಡೆಯೂ ಗಾಲಿ ತಿರುಗಿಸಿ, ಯೋಚಿಸಿ, ಮತ್ತೆ ತಿರುಗಿಸಿ, ಅಂತೂ ಬಿಳಿ ಬಿಳಿಯಾಗಿಯೂ ಕಪ್ಪು ಕಪ್ಪಾಗಿಯೂ ಬರತೊಡಗಿದವು. ಕಲಿಯುತ್ತಿದ್ದರು. ನನಗೇ ಆಶ್ಚರ್ಯವಾಯಿತು.

"ಗಂಡಿನ ಮುಖ ಯಾಕೆ ಹೀಗಿದೆ? ಸ್ವಲ್ಪ ನಗಬೇಕು," ಎಂದರು.

"ನಮ್ಮ ಮದುವೆಯ ಫೋಟೋದಲ್ಲಿ ನೀವೂ ಹೀಗೇ ಇದ್ದೀರಿ," ಎಂದರು ಹೆಂಡತಿ. "ನನ್ನನ್ನು ನೋಡಿ ಬೇಜಾರಾಯ್ತೇನೋ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ಗೊತ್ತಾಯ್ತು, ಇದು ಕಂಕುಳಲ್ಲಿ ಚುಚ್ತದೆ."

ಅಕ್ಕಿ ಕಾಳು

ಮದುವೆ ವಿರಾಜಪೇಟೆಯ ಒಂದು ಮಂಟಪದಲ್ಲಿ. ಮದುಮಗ ಮುಕ್ಕಾಲಿಯ ಮೇಲೆ ಕೂತಿದ್ದ. ನೆಂಟರು ಒಬ್ಬೊಬ್ಬರಾಗಿ ಬಂದು, ಅಕ್ಕಿ ಹಾಕಿ ಹರಸಿ, ಗಿಂಡಿಯಿಂದ ಹಾಲು ಕುಡಿಸಿ, ಉಡುಗೊರೆ ಕೊಟ್ಟು ಮುಂದೆ ಹೋಗಬೇಕು. ಸಾಲು ಬಾಗಿಲಿನಿಂದಾಚೆ ರಸ್ತೆಯವರೆಗೆ ಇತ್ತು. ಸಾಲಿನ ಕೊನೆಯವರಿಗೆ ಅಡುಗೆಯ ವಾಸನೆ ಬರುತ್ತಿತ್ತು, ಆದ್ದರಿಂದ ಅವರಿಗೆ ತಾಳ್ಮೆ ಇರಲಿಲ್ಲ.

ಮಂಟಪದ ದೀಪಗಳು ಬದಲಾಗುವುದಿಲ್ಲ. ಬೆಳಗ್ಗೆ ಒಮ್ಮೆ ಸರಿ ಮಾಡಿಟ್ಟರೆ ಮಧ್ಯಾಹ್ನದವರೆಗೆ ಕಣ್ಣು ಮುಚ್ಚಿ ಹೊಡೆಯಬಹುದು. ಅದನ್ನು ನಾನೇ ನಿಂತು ಸರಿ ಮಾಡಿಸಿದ್ದೆ. ಆದರೆ ಮೇಜರರಿಗೆ ಈಗ ವಿದ್ಯೆ ಹತ್ತಿಬಿಟ್ಟಿತ್ತು. ಕರಿ ಕುಪ್ಯದ ಅಜ್ಜ ಬಂದರೆ ಗಾಲಿ ಎಡಕ್ಕೆ, ಜರಿ ಸೀರೆಯ ಅತ್ತೆ ಬಂದರೆ ಬಲಕ್ಕೆ, ಬೋಳುತಲೆ ಬಂದರೆ ಸ್ವಲ್ಪ ಯೋಚನೆ.

"ಮುಟ್ಟಬೇಡಿ, ಮೇಜರ್," ಎಂದು ಕಿವಿಯಲ್ಲಿ ಹೇಳಿದೆ.

"ತಿಂಗಳುಗಟ್ಟಲೆ ತಿರುಗಿಸಿ ತಿರುಗಿಸಿ ಅಂದಿರಿ. ಈಗ ಮುಟ್ಟಬೇಡಿ ಅಂತೀರಿ. ನಿಮ್ಮ ಕಡೆ ಒಂದು ಆರ್ಡರ್ ಅಂತ ಇಲ್ಲವಾ?"

ಸಾಲು ನಿಂತಿತು. ಬಾಗಿಲ ಕಡೆಯಿಂದ ಗೊಣಗು ಬಂತು. ಅಂಥ ಹೊತ್ತಿನಲ್ಲಿ ಊರಿಗೇ ಹಿರಿಯರಾದ ಅಜ್ಜಿಯೊಬ್ಬರು ಮುಷ್ಟಿಯಲ್ಲಿ ಅಕ್ಕಿ ಹಿಡಿದು ಕೈ ಎತ್ತಿದರು.

"ಹಾಗೇ ಇರಿ," ಎಂದರು ಮೇಜರ್.

ಅಜ್ಜಿ ಹಾಗೇ ಇದ್ದರು. ಮೇಜರ್ ಗಾಲಿ ತಿರುಗಿಸಿದರು, ಕಣ್ಣು ಕಿರಿದು ಮಾಡಿದರು, ಮತ್ತೆ ತಿರುಗಿಸಿದರು. ಎತ್ತಿದ ಕೈ ಸೋತಿತು. ಅಜ್ಜಿ ಮೆಲ್ಲಗೆ ಮದುಮಗನ ಕಡೆಯಿಂದ ಇತ್ತ ತಿರುಗಿ, ಮುಷ್ಟಿಯಲ್ಲಿದ್ದ ಅಕ್ಕಿಯನ್ನೆಲ್ಲ ಮೇಜರರ ತಲೆಯ ಮೇಲೆ ಹಾಕಿದರು.

"ನಿನಗೂ ಒಳ್ಳೇದಾಗಲಿ. ದಾರಿ ಬಿಡು."

ಕೊಡ ಹೊತ್ತವಳ ಬಾಯಿ

ಊಟವಾಯಿತು. ಅತ್ತಿಗೆ ದೂರದಿಂದಲೇ ಮೈದುನನನ್ನು ಗಮನಿಸುತ್ತಿದ್ದರು. ಸಂಜೆಗೆ ಗಂಗಾಪೂಜೆ. ಮದುಮಗಳು ಬಾವಿಯಲ್ಲಿ ಪೂಜೆ ಮಾಡಿ, ನೀರು ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ಗಂಡಿನ ಕಡೆಗೆ ನಡೆದು ಬರಬೇಕು. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ಅವಳಿಗೆ ದಾರಿ ಬಿಡದೆ ತಡೆಯಬೇಕು. ಅವಳು ತಲೆ ತಗ್ಗಿಸಿ, ಮಾತಿಲ್ಲದೆ, ಎಷ್ಟು ಹೊತ್ತಾದರೂ ಸಹಿಸಿಕೊಂಡು ನಿಲ್ಲಬೇಕು. ಹೊಸ ಮನೆಯಲ್ಲಿ ಮುಂದೆ ಏನೇನು ಕಾದಿದೆ ಎಂಬುದನ್ನು ಮೊದಲ ದಿನವೇ ಇಷ್ಟು ಪ್ರಾಮಾಣಿಕವಾಗಿ ತೋರಿಸುವ ಪದ್ಧತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

"ಅಕ್ಕನಿಗೆ ಬೇಕಾದದ್ದು ಇದೊಂದು ಫೋಟೋ," ಎಂದು ಮೇಜರರ ಹೆಂಡತಿ ಗಂಡನಿಗೆ ಹೇಳಿದರು. "ನಡುಮನೆಗೆ ಹಾಕಲು ಚೌಕಟ್ಟು ಆಗಲೇ ತಂದಿಟ್ಟಿದ್ದಾರೆ. ಬೇರೆ ಎಲ್ಲ ಹಾಳಾದರೂ ಚಿಂತೆಯಿಲ್ಲ."

ಹೀಗೆ ಹೇಳಬಾರದಿತ್ತು. ಮೇಜರ್ ಇದನ್ನು ಯುದ್ಧವೆಂದು ತೆಗೆದುಕೊಂಡರು.

ಹೊರಗೆ ಹೊತ್ತು ಇಳಿಯುತ್ತಿತ್ತು. ಮೋಡ ಬಂದು ಹೋಗುತ್ತಿತ್ತು. ಮೇಜರ್ ಬಿಸಿಲಿಗೆ ಸರಿ ಮಾಡುವಷ್ಟರಲ್ಲಿ ಮೋಡ, ಮೋಡಕ್ಕೆ ಸರಿ ಮಾಡುವಷ್ಟರಲ್ಲಿ ಬಿಸಿಲು. ತಲೆಯ ಮೇಲೆ ಹಿತ್ತಾಳೆ ಕೊಡ ಒಮ್ಮೆ ಥಳಥಳ, ಒಮ್ಮೆ ಮಂಕು. ಮದುಮಗಳು ಒಂದು ಹೆಜ್ಜೆ ಇಟ್ಟರೆ ಮೇಜರ್ ಕೂಗುತ್ತಿದ್ದರು, "ಬಿಡಬೇಡಿ, ಇನ್ನೂ ತಡೀರಿ." ಅವರು ಮದುಮಗನ ಚಿಕ್ಕಪ್ಪ, ತಡೆಯಿರಿ ಎಂದರೆ ತಡೆಯಲೇಬೇಕು. ಕುಣಿಯುವವರು ಕುಣಿದರು. ವಾಲಗದವನು ಬೆವರೊರೆಸಿಕೊಂಡು ಮತ್ತೆ ಊದಿದ.

ತಮಾಷೆಯೆಂದರೆ ಇದಕ್ಕೆ ಮೆಚ್ಚುಗೆ ಬರತೊಡಗಿತು. "ಇಷ್ಟು ಚೆನ್ನಾಗಿ ತಡೆದದ್ದನ್ನು ನಾನು ಈಚೆಗೆ ನೋಡಿಲ್ಲ," ಎಂದರು ಒಬ್ಬ ಹಿರಿಯರು. ಅತ್ತಿಗೆಯ ಮುಖ ಅರಳಿತು. ಹೆಣ್ಣಿನ ಅಣ್ಣನೊಬ್ಬ ಜಗಳಕ್ಕೆ ತೋಳೇರಿಸಿದ. ಬೆಳಕು ಇನ್ನೂ ಇಳಿಯಿತು.

"ಐಎಸ್ಒ ಜಾಸ್ತಿ ಮಾಡಿ, ಮೇಜರ್," ಎಂದೆ.

"ಚಿತ್ರದಲ್ಲಿ ರವೆ ಉದುರಿದ ಹಾಗೆ ಕಾಳು ಕಾಳು ಬರ್ತದೆ."

"ಬರಲಿ. ಕತ್ತಲಾಗ್ತಾ ಇದೆ."

"ಬೆಳಕು ಬರ್ತದೆ. ಕಾಯುವಾ."

ಕೊಡ ಹೊತ್ತವಳನ್ನು ಬಿಟ್ಟು ಮಿಕ್ಕವರೆಲ್ಲ ಕಾಯಲು ಸಿದ್ಧರಿದ್ದರು. ಅಷ್ಟರಲ್ಲಿ ಮೋಡ ಸರಿದು ಕೊನೆಯ ಬಿಸಿಲು ಓರೆಯಾಗಿ ಬಂತು. ಮೇಜರ್ ಎರಡು ಗಾಲಿ ತಿರುಗಿಸಿದರು. ಮೊಣಕೈ ಪಕ್ಕೆಗೆ ಒತ್ತಿದರು. ಅರ್ಧ ಉಸಿರು ಬಿಟ್ಟರು. ಆ ಕ್ಷಣಕ್ಕೆ ಮದುಮಗಳು ತಲೆ ಎತ್ತಿ, ನೇರವಾಗಿ ಅವರನ್ನೇ ನೋಡಿ ಬಾಯಿ ತೆರೆದಳು.

"ಮಾವ, ಆ ಡಬ್ಬಿಯನ್ನು ನೀವಾಗಿ ಬಾವಿಗೆ ಹಾಕ್ತೀರಾ, ಇಲ್ಲ ಈ ಕೊಡವನ್ನು ನಿಮ್ಮ ತಲೆ ಮೇಲೆ ಬೋರಲು ಹಾಕಲಾ?"

ವಾಲಗ ನಿಂತಿತು. ಕ್ಲಿಕ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು.

ಅವಳಿಗೆ ದಾರಿ ತಾನಾಗಿಯೇ ತೆರೆಯಿತು. ಆಮೇಲೆ ಹಿರಿಯರು ಬಿಳಿಚಿಕೊಂಡು ಕ್ಯಾಮೆರಾದ ಸುತ್ತ ಸೇರಿದರು. ಅಂಥ ಚಿತ್ರವನ್ನು ನಾನೂ ತೆಗೆದಿಲ್ಲ. ಕೊಡದ ಬಾಯಿಂದ ತುಳುಕಿದ ಹನಿಗಳು ಗಾಳಿಯಲ್ಲಿ ನಿಂತಿವೆ. ಹಿಂದೆ ಕರಿ ಕುಪ್ಯಗಳು ಕರ್ರಗೆ, ಒಂದೊಂದು ಮಡಿಕೆಯೂ ಕಾಣುವ ಹಾಗೆ. ಕೆಂಪು ಸೀರೆ ಕೆಂಪಗೆ. ನಟ್ಟನಡುವೆ ಮದುಮಗಳು, ಹುಬ್ಬು ಗಂಟಿಕ್ಕಿ, ಹಲ್ಲು ಹೊಳೆಯುತ್ತ ಬಾಯಿ ತೆರೆದು, ಬೈಯುತ್ತಿದ್ದಾಳೆ. ಕಿವುಡರೂ ತುಟಿ ನೋಡಿ ಅರ್ಥ ಮಾಡಿಕೊಳ್ಳುವಷ್ಟು ಸ್ಪಷ್ಟವಾಗಿ.

ಅತ್ತಿಗೆ ಕ್ಯಾಮೆರಾ ಕೈಗೆ ತೆಗೆದುಕೊಂಡು ನೋಡಿದರು. ತುಂಬ ಹೊತ್ತು ನೋಡಿದರು. ಮೇಜರರ ಹೆಂಡತಿ ನನ್ನ ಮಣಿಕಟ್ಟು ಹಿಡಿದಿದ್ದರು, ಬಳೆ ನೆಟ್ಟು ನೋಯುತ್ತಿತ್ತು. ಆ ಸಿಲ್ವರ್ ಓಕ್ ಮತ್ತೆ ಎದ್ದು ನಿಲ್ಲುವುದು ನನಗೆ ಕಣ್ಣಿಗೆ ಕಟ್ಟಿತು.

ಅತ್ತಿಗೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು, ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡ ನಗು.

"ಇಷ್ಟು ವರ್ಷ ನಾವಿಬ್ಬರು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದ್ದನ್ನ," ಎಂದು ವಾರಗಿತ್ತಿಯ ಕೈ ಹಿಡಿದರು, "ಇವಳು ಒಳಗೆ ಕಾಲಿಡುವ ಮೊದಲೇ ಎದುರಿಗೆ ಹೇಳಿದ್ಲು. ಇನ್ನು ನಾವು ಮೂರು ಜನ."

ಆ ಚಿತ್ರ ಈಗ ವಿರಾಜಪೇಟೆಯ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ, ಆಳೆತ್ತರಕ್ಕೆ ತೂಗುತ್ತಿದೆ. ಮೇಜರ್ ವಾರಕ್ಕೊಮ್ಮೆಯಾದರೂ ಹೋಗಿ ಅದರ ಮುಂದೆ ಕೂರುತ್ತಾರೆ. ಹೋದ ವಾರ ಹೊಸ ನೆಂಟರೊಬ್ಬರು ಬಂದಿದ್ದರು. ಚಿತ್ರವನ್ನು ನೋಡಿ, ಸ್ವಲ್ಪ ಹಿಂದೆ ಸರಿದು, ಈ ಹುಡುಗಿ ಇಷ್ಟು ಕೋಪದಲ್ಲಿ ಯಾರಿಗೆ ಬೈತಾ ಇದ್ದಾಳೆ ಎಂದು ಕೇಳಿದರು.

"ನನಗೇ," ಎಂದು ಮೇಜರ್ ಎದೆ ಉಬ್ಬಿಸಿ ಎದ್ದು ನಿಂತರು. "ಅದಿರಲಿ, ನೀವು ಹಲ್ಲಿನ ಬಿಳುಪು ನೋಡಿ."